ನಾಲ್ಕು ಬಾರ್‌ಗಳ ಲೂಪನ್ನು ದಾಟುವುದು ಹೇಗೆ? ಗ್ರೂವ್‌ಬಾಕ್ಸ್ ಒಂದರಲ್ಲೇ ಸಂಗೀತ ಕಟ್ಟುವವರಿಗೆ ಒಂದು ಪ್ರಶ್ನೆ

ಹದಿನಾರನೆಯ ಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಹತ್ತು ತಿಂಗಳಿಂದ ಎಲೆಕ್ಟ್ರಾನ್ ಡಿಜಿಟ್ಯಾಕ್ಟ್ ಎಂಬ ಗ್ರೂವ್‌ಬಾಕ್ಸ್ (ಸದ್ದುಗಳನ್ನು ಲಯಕ್ಕೆ ಜೋಡಿಸಿ ನುಡಿಸುವ ಪೆಟ್ಟಿಗೆ) ಒಂದನ್ನೇ ಇಟ್ಟುಕೊಂಡು ಸಂಗೀತ ಮಾಡುತ್ತಿದ್ದೇನೆ. ನನ್ನಲ್ಲಿರುವುದು 2017ರಲ್ಲಿ ಬಂದ ಮೊದಲನೆಯ ಡಿಜಿಟ್ಯಾಕ್ಟ್, ಎಂಟು ಆಡಿಯೋ ಟ್ರ್ಯಾಕುಗಳದ್ದು. ದಿನವಿಡೀ ಕಂಪ್ಯೂಟರ್ ಪರದೆಯ ಮುಂದೆ ಕೂರುವ ಕೆಲಸ ನನ್ನದಾದ್ದರಿಂದ, ಸಂಜೆ ಮತ್ತೆ ಅದೇ ಪರದೆಯಲ್ಲಿ ಸಂಗೀತದ ತಂತ್ರಾಂಶ ತೆರೆಯಲು ಮನಸ್ಸು ಒಪ್ಪಲಿಲ್ಲ. ಗುಂಡಿ ಒತ್ತಿ, ನಾಬ್ ತಿರುಗಿಸಿ, ಕಿವಿಯನ್ನೇ ನಂಬಿ ಕೆಲಸ ಮಾಡಲು ಬಿಡುವ ಈ ಪೆಟ್ಟಿಗೆ ನನಗೆ ಬಹಳ ಹಿಡಿಸಿದೆ. ಯಂತ್ರದ ಬಗ್ಗೆ ನನ್ನ ದೂರೇನೂ ಇಲ್ಲ.

ತೊಂದರೆ ಇರುವುದು ನನ್ನ ಕೆಲಸದ ಕ್ರಮದಲ್ಲಿ. ಈವರೆಗೆ 41 ಪ್ಯಾಟರ್ನ್‌ಗಳನ್ನು, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕುಗಳನ್ನು, ಮಾಡಿದ್ದೇನೆ. ಅವುಗಳಲ್ಲಿ ಒಂದೂ ಆದಿ, ನಡು, ಕೊನೆ ಇರುವ ಪೂರ್ಣ ಕೃತಿಯಾಗಿಲ್ಲ. ಕಳೆದ ವಾರದ ಪ್ಯಾಟರ್ನನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಟೆಂಪೊ 124, ಅಂದರೆ ನಿಮಿಷಕ್ಕೆ 124 ಬೀಟ್. ಒಂದು ಬಾರಿಗೆ ನಾಲ್ಕು ಬೀಟ್, ಹದಿನಾರು ಸ್ಟೆಪ್. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) 1, 5, 9, 13ನೆಯ ಸ್ಟೆಪ್‌ಗಳಲ್ಲಿ ಬೀಳುತ್ತದೆ. ಕ್ಲ್ಯಾಪ್ 5 ಮತ್ತು 13ರಲ್ಲಿ. ತೆರೆದ ಹೈ-ಹ್ಯಾಟ್ 3, 7, 11, 15ರಲ್ಲಿ. ಮುಚ್ಚಿದ ಹೈ-ಹ್ಯಾಟ್ ಹದಿನಾರೂ ಸ್ಟೆಪ್‌ಗಳಲ್ಲಿ. ಗಾಜಿನ ಲೋಟದ ಅಂಚನ್ನು ಪೆನ್ಸಿಲಿನಿಂದ ತಟ್ಟಿ ಸ್ಯಾಂಪಲ್ ಮಾಡಿದ (ಯಂತ್ರದೊಳಗೆ ಮುದ್ರಿಸಿಕೊಂಡ) ಸದ್ದನ್ನು 12 ಸೆಮಿಟೋನ್, ಅಂದರೆ ಒಂದು ಸ್ಥಾಯಿ, ಕೆಳಗಿಳಿಸಿದಾಗ ಅದು ಮಬ್ಬಾದ ಗಂಟೆಯಂತಹ ಒಂದು ಸ್ವರವಾಯಿತು. ಅದನ್ನು ನಾಲ್ಕು ಬಾರ್‌ಗಳಲ್ಲಿ ಐದು ಕಡೆ ಇಟ್ಟು, ಸ್ವಲ್ಪ ರಿವರ್ಬ್ (ಅನುರಣನ) ಕೊಟ್ಟು, ಅಡಿಯಲ್ಲಿ ಒಂದು ಬೇಸ್‌ಲೈನ್ ಸೇರಿಸಿದೆ. ಮೊದಲ ಅರ್ಧ ನಿಮಿಷ ಕೇಳಿದಾಗ ಇದಕ್ಕಿಂತ ಒಳ್ಳೆಯದನ್ನು ನಾನು ಮಾಡಿಯೇ ಇಲ್ಲ ಅನ್ನಿಸಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದೇ ಲೂಪ್ ಕಿವಿಗೆ ಭಾರವಾಗಿತ್ತು.

ಸಾಂಗ್ ಮೋಡಿನಲ್ಲಿ ಪ್ಯಾಟರ್ನನ್ನು ನಾಲ್ಕು ಸಲ ನಕಲು ಮಾಡಿ, ಒಂದರಲ್ಲಿ ಕಿಕ್ ತೆಗೆದು, ಇನ್ನೊಂದರಲ್ಲಿ ಬೇಸ್ ತೆಗೆದು, ಸಾಲಾಗಿ ಜೋಡಿಸಿಯೂ ನೋಡಿದೆ. ಪ್ರತಿಯೊಂದು ಬದಲಾವಣೆಯೂ ಕೋಣೆಯ ದೀಪವನ್ನು ಯಾರೋ ಹಾಕಿ ಆರಿಸಿದ ಹಾಗೆ ಕೇಳಿಸಿತು. ಆದ್ದರಿಂದ ಅನುಭವಸ್ಥರಲ್ಲಿ ಕೇಳುತ್ತಿದ್ದೇನೆ. ಲೂಪ್ ಚೆನ್ನಾಗಿ ಬಂದ ಮೇಲೆ ಮುಂದಿನ ಕೆಲಸ ಯಾವುದು? ಬದಲಾವಣೆಗಳು ಹೊಲಿಗೆ ಕಾಣದಂತೆ ಬರಬೇಕಾದರೆ ಏನು ಮಾಡಬೇಕು? ಕೊನೆಗೆ ಮುದ್ರಿಸಿಕೊಳ್ಳುವಾಗ ಟ್ರ್ಯಾಕುಗಳನ್ನು ಬಿಡಿಬಿಡಿಯಾಗಿ ಮುದ್ರಿಸಬೇಕೋ, ಎಲ್ಲವನ್ನೂ ಒಟ್ಟಾಗಿಯೋ? ಸಿಂಥ್ ಸ್ವರಗಳಿಗಾಗಿ ಎರಡನೆಯ ಯಂತ್ರವೊಂದನ್ನು ಕೊಂಡರೆ ಈ ತೊಡಕು ಬಿಡಿಸಿಕೊಳ್ಳುತ್ತದೆಯೇ ಎಂಬ ಯೋಚನೆಯೂ ಇದೆ.

ಮಂದ್ರ:

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಈಗ ಎರಡನೆಯ ಯಂತ್ರ ಬೇಡ. ನಿಮಗೆ ಕೊರತೆಯಾಗಿರುವುದು ಸ್ವರಗಳಲ್ಲ. ನೀವು ವಿವರಿಸಿದ ಪ್ಯಾಟರ್ನಿನಲ್ಲಿ ಆರು ಟ್ರ್ಯಾಕುಗಳಷ್ಟೇ ತುಂಬಿವೆ, ಇನ್ನೂ ಎರಡು ಖಾಲಿ ಇವೆ.

'ಗ್ರೂವ್‌ಬಾಕ್ಸ್' ಎಂಬ ಹೆಸರು ಬಳಕೆಗೆ ಬಂದದ್ದು 1996ರ ರೋಲ್ಯಾಂಡ್ ಎಂಸಿ-303 ಯಂತ್ರದಿಂದ. ಆದರೆ ನಮ್ಮ ಕೈ ಇಂದಿಗೂ ಅನುಸರಿಸುವ ಕ್ರಮ ಅದಕ್ಕೂ ಹಳೆಯದು. 1980ರ ಟಿಆರ್-808ರಲ್ಲೇ ಹದಿನಾರು ಗುಂಡಿಗಳ ಆ ಒಂದು ಸಾಲು ಇತ್ತು. ಸಾಲು ಮುಗಿದರೆ ಬಾರ್ ಮುಗಿಯಿತು. ಎದುರಿಗೆ ಹದಿನಾರು ದೀಪಗಳು ಓಡುತ್ತಿರುವಾಗ ನಮ್ಮ ಆಲೋಚನೆಯೂ ಆ ಸಾಲಿನ ಉದ್ದಕ್ಕೇ ಕಟ್ಟಿಬೀಳುತ್ತದೆ, ಹಾಕಿದ್ದನ್ನೆಲ್ಲ ಹದಿನಾರು ಅಥವಾ ಅರವತ್ನಾಲ್ಕು ಸ್ಟೆಪ್‌ಗಳಿಗೆ ಸರಿಯಾಗಿ ಮುಗಿಸುತ್ತೇವೆ. ನಿಮ್ಮ ಲೂಪಿನ ಲೆಕ್ಕ ಹಾಕಿ ನೋಡಿ. ಟೆಂಪೊ 124 ಆದಾಗ ಎರಡು ನಿಮಿಷಕ್ಕೆ 62 ಬಾರ್‌ಗಳಾಗುತ್ತವೆ. ಅಂದರೆ ನಿಮ್ಮ ಹೈ-ಹ್ಯಾಟ್ ಯಾವ ಬದಲಾವಣೆಯೂ ಇಲ್ಲದೆ 62 ಸಲ ಬಂದು ಹೋಗಿರುತ್ತದೆ, ಗಾಜಿನ ಸ್ವರದ ಮಾತು ಹದಿನೈದು ಸಲ ಪೂರ್ತಿಯಾಗಿ ಮರುಕಳಿಸಿರುತ್ತದೆ, ಮತ್ತು ಪ್ರತಿ ಸಲವೂ ಎಲ್ಲವೂ ಒಂದೇ ಜಾಗದಲ್ಲಿ ಒಟ್ಟಿಗೆ ಮೊದಲಿಗೆ ಮರಳಿರುತ್ತವೆ. ಕಿವಿ ದಣಿಯುವುದು ಮರುಕಳಿಕೆಯಿಂದಲ್ಲ, ಎಲ್ಲವೂ ಒಟ್ಟಿಗೇ ಮರಳುವುದರಿಂದ ಎಂದು ನಾನು ಬಹಳ ದಿನಗಳ ಮೇಲೆ ಕಂಡುಕೊಂಡೆ.

ಆದ್ದರಿಂದ ಪ್ಯಾಟರ್ನನ್ನು ನಕಲು ಮಾಡುವ ಮೊದಲು, ಇದೇ ಪ್ಯಾಟರ್ನಿನೊಳಗೆ ಬೇರೆ ಬೇರೆ ಉದ್ದದ ಆವರ್ತಗಳನ್ನು ಇಡಿ. ಸ್ಕೇಲ್ ಪುಟದಲ್ಲಿ ಪ್ರತಿ ಟ್ರ್ಯಾಕಿಗೂ ಪ್ರತ್ಯೇಕ ಉದ್ದ ಕೊಡುವ ಕ್ರಮವನ್ನು ಆಯ್ದುಕೊಂಡು ಕಿಕ್ ಮತ್ತು ಕ್ಲ್ಯಾಪನ್ನು ಹದಿನಾರರಲ್ಲೇ ಬಿಡಿ, ಗಾಜಿನ ಸ್ವರವನ್ನು 12 ಸ್ಟೆಪ್‌ಗಳಿಗೆ ಇಳಿಸಿ. ಈಗ ಅವೆರಡೂ ಮತ್ತೆ ಒಟ್ಟಿಗೆ ಆರಂಭವಾಗಲು 48 ಸ್ಟೆಪ್, ಅಂದರೆ ಮೂರು ಬಾರ್ ಬೇಕು. ಖಾಲಿ ಇರುವ ಟ್ರ್ಯಾಕಿನಲ್ಲಿ ಒಂದು ಸಣ್ಣ ಮರದ ಸದ್ದನ್ನೋ ಲೋಹದ ಸದ್ದನ್ನೋ 7 ಸ್ಟೆಪ್‌ಗಳ ಉದ್ದಕ್ಕೆ ಇಟ್ಟರೆ ಅದು ಕಿಕ್ಕಿನ ಜೊತೆ ಮತ್ತೆ ಕೂಡಿಕೊಳ್ಳುವುದು 112 ಸ್ಟೆಪ್‌ಗಳ ಬಳಿಕ, ಏಳನೆಯ ಬಾರ್ ಮುಗಿದ ಮೇಲೆ. ಒಂದು ಎಚ್ಚರಿಕೆ ಇದೆ. ಆ ಪುಟದಲ್ಲಿ ಇಡೀ ಪ್ಯಾಟರ್ನಿನ ಮಾಸ್ಟರ್ ಉದ್ದವನ್ನು 64ಕ್ಕೆ ಬಿಟ್ಟರೆ ಅರವತ್ನಾಲ್ಕನೆಯ ಸ್ಟೆಪ್ಪಿಗೆ ಎಲ್ಲ ಟ್ರ್ಯಾಕುಗಳೂ ಬಲವಂತವಾಗಿ ಮೊದಲಿಗೆ ಮರಳುತ್ತವೆ. ಅದನ್ನು ಅನಂತಕ್ಕೆ ಹೊಂದಿಸಿದರೆ ಮಾತ್ರ ಈ ಲೆಕ್ಕ ನಡೆಯುತ್ತದೆ.

ಇದರ ಮೇಲೆ ಟ್ರಿಗ್ ಕಂಡಿಷನ್‌ಗಳನ್ನು, ಅಂದರೆ ಒಂದು ಪೆಟ್ಟು ಯಾವಾಗ ನುಡಿಯಬೇಕೆಂಬ ಷರತ್ತುಗಳನ್ನು, ಸೇರಿಸಿ. ಒಂದು ಸ್ಟೆಪ್ಪಿಗೆ 4:4 ಎಂದು ಕೊಟ್ಟರೆ ನಾಲ್ಕು ಸುತ್ತುಗಳಲ್ಲಿ ನಾಲ್ಕನೆಯದರಲ್ಲಿ ಮಾತ್ರ ಅದು ನುಡಿಯುತ್ತದೆ. ಕ್ಲ್ಯಾಪಿಗೆ 16ನೆಯ ಸ್ಟೆಪ್ಪಿನಲ್ಲಿ ಇಂತಹ ಒಂದು ಹೆಚ್ಚಿನ ಪೆಟ್ಟು ಸಾಕು. ಸಂಭವನೀಯತೆಯ ಕಂಡಿಷನ್ನನ್ನು, ಅಂದರೆ ಶೇಕಡಾ ಇಷ್ಟು ಸಲ ನುಡಿಯಲಿ ಎಂಬುದನ್ನು, ನಾನು ಮುಚ್ಚಿದ ಹೈ-ಹ್ಯಾಟಿಗೆ ಮಾತ್ರ ಬಳಸುತ್ತೇನೆ. ಬೇಸ್‌ಲೈನಿಗೆ ಅದನ್ನು ಕೊಟ್ಟರೆ ಕೇಳುವವರಿಗೆ ಹಿಡಿದು ನಿಲ್ಲಲು ಏನೂ ಉಳಿಯುವುದಿಲ್ಲ.

ಇನ್ನು ದೀಪ ಹಾಕಿ ಆರಿಸಿದ ಹಾಗೆ ಕೇಳಿಸುವ ಮಾತು. ಅದಕ್ಕೆ ಕಾರಣ ಸ್ಪಷ್ಟ: ನೀವು ತೆಗೆದದ್ದೂ ಸೇರಿಸಿದ್ದೂ ಎರಡೂ ಸರಿಯಾಗಿ ಬಾರಿನ ಮೊದಲ ಸ್ಟೆಪ್ಪಿನಲ್ಲಿ ನಡೆದಿವೆ. ಕೈಯಿಂದಲೇ ಮ್ಯೂಟ್ ಮಾಡಿ ನೋಡಿ, ಮತ್ತು ಹಾಗೆ ಮಾಡುವಾಗ ಬಾರಿನ ಗೆರೆಯನ್ನು ಬಿಟ್ಟುಬಿಡಿ. ಕಿಕ್ಕನ್ನು ತೆಗೆಯುವುದಾದರೆ ಹಿಂದಿನ ಬಾರಿನ ಕೊನೆಯ ಬೀಟಿನಲ್ಲೇ, 13ನೆಯ ಸ್ಟೆಪ್ಪಿಗಿಂತ ಮುಂಚೆ, ತೆಗೆಯಿರಿ. ಗಾಜಿನ ಸ್ವರವನ್ನು ತರುವುದಾದರೆ ಅದರ ಫಿಲ್ಟರ್ ಕಟಾಫನ್ನು (ಎಷ್ಟು ಮೇಲಿನ ಕಂಪನಾಂಕದವರೆಗೆ ಸದ್ದು ದಾಟಬೇಕೆಂಬ ಮಿತಿಯನ್ನು) ಮೊದಲೇ ಪೂರ್ತಿ ಇಳಿಸಿಟ್ಟು ಮ್ಯೂಟ್ ತೆಗೆದು, ಆಮೇಲೆ 16 ಬಾರ್‌ಗಳ ಉದ್ದಕ್ಕೂ ನಿಧಾನವಾಗಿ ಏರಿಸಿ. ಅದು ಯಾವ ಕ್ಷಣದಲ್ಲಿ ಬಂತೆಂದು ಕೇಳುವವರಿಗೆ ಗೊತ್ತಾಗಬಾರದು. ಹೊರಗೆ ಕಳಿಸುವಾಗ ಕೊನೆಯ ಪೆಟ್ಟಿಗೆ ಡಿಲೇ ಸೆಂಡನ್ನು (ಪ್ರತಿಧ್ವನಿಗೆ ಕಳಿಸುವ ಪ್ರಮಾಣವನ್ನು) ಏರಿಸಿ ಆಮೇಲೆ ಮ್ಯೂಟ್ ಮಾಡಿದರೆ ಸ್ವರ ಹೋದ ಮೇಲೂ ಅದರ ಪ್ರತಿಧ್ವನಿ ಎರಡು ಬಾರ್ ಉಳಿದು ತಾನಾಗಿ ಕರಗುತ್ತದೆ.

ಈ ಏರಿಳಿತಗಳಿಗೆ ನೀವು ಕೊಡಬೇಕಾದ ಅವಧಿ ನೀವು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ನಿಮ್ಮ ಟೆಂಪೊದಲ್ಲಿ 32 ಬಾರ್ ಎಂದರೆ 62 ಸೆಕೆಂಡು. ಒಂದು ನಾಬನ್ನು 62 ಸೆಕೆಂಡುಗಳ ಕಾಲ, ನಿಲ್ಲಿಸದೆ, ಕಾಲುಭಾಗ ಮಾತ್ರ ತಿರುಗಿಸುವುದನ್ನು ಒಮ್ಮೆ ಅಭ್ಯಾಸ ಮಾಡಿ. ಮೊದಲ ಕೆಲವು ಸಲ ಕೈ ತಾನಾಗಿಯೇ ಅವಸರ ಮಾಡಿ ಇಪ್ಪತ್ತು ಸೆಕೆಂಡಿಗೇ ಕೊನೆ ಮುಟ್ಟಿಬಿಡುತ್ತದೆ. ಆ ತಾಳ್ಮೆ ಕೈಗೆ ಬಂದ ದಿನ ನಿಮಗೆ ಹೊಸ ಪ್ಯಾಟರ್ನಿನ ಅಗತ್ಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಎರಡನೆಯ ಭಾಗಕ್ಕೆ ಹೊಸ ಬಣ್ಣ ಬೇಕೇಬೇಕು ಅನ್ನಿಸಿದರೆ ಹೊರಗೆ ಹುಡುಕಬೇಡಿ. ಕಿಕ್, ಕ್ಲ್ಯಾಪ್, ಹ್ಯಾಟ್‌ಗಳನ್ನು ಮ್ಯೂಟ್ ಮಾಡಿ, ಗಾಜಿನ ಸ್ವರವನ್ನು ರಿವರ್ಬ್ ಸಮೇತ ನಾಲ್ಕು ಬಾರ್ ಯಂತ್ರದೊಳಗೇ ಮರುಸ್ಯಾಂಪಲ್ ಮಾಡಿಕೊಳ್ಳಿ. ಅದು ಏಳೂಮುಕ್ಕಾಲು ಸೆಕೆಂಡಿನಷ್ಟಾಗುತ್ತದೆ. ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದಾಗ ಅದರ ಉದ್ದ ಇಮ್ಮಡಿಯಾಗಿ, ಪೆಟ್ಟುಗಳ ಮೊನೆ ಸವೆದು, ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಒಂದು ಪ್ಯಾಡ್ ಸಿಗುತ್ತದೆ. ಅದೇ ಗಾಜಿನ ಮಗುವಾದ್ದರಿಂದ ಮೂಲ ಸ್ವರದೊಡನೆ ಜಗಳವಾಡುವುದಿಲ್ಲ. ಜಾಗದ ಚಿಂತೆಯೂ ಬೇಡ. 48 ಕಿಲೋಹರ್ಟ್ಜ್, 16 ಬಿಟ್, ಮೋನೋ ಲೆಕ್ಕದಲ್ಲಿ ಒಂದು ಪ್ರಾಜೆಕ್ಟಿನ 64 ಮೆಗಾಬೈಟ್‌ಗಳಲ್ಲಿ ಹನ್ನೊಂದು ನಿಮಿಷಕ್ಕೂ ಮಿಕ್ಕಿ ಸದ್ದು ಹಿಡಿಸುತ್ತದೆ.

ಕಿವಿಗೊಟ್ಟವರು:

ಮಂದ್ರ ಅವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಬಾರಿನ ಒಳಗೇ ಸರಿಪಡಿಸಬೇಕಾದ ಎರಡು ಸಂಗತಿಗಳು ನಿಮ್ಮ ವಿವರಣೆಯಲ್ಲಿ ಕಾಣುತ್ತಿವೆ.

ಹದಿನಾರೂ ಸ್ಟೆಪ್‌ಗಳಲ್ಲಿ ಮುಚ್ಚಿದ ಹೈ-ಹ್ಯಾಟ್ ಇದೆ ಎಂದಿರಿ. ಅವೆಲ್ಲವೂ ಯಂತ್ರ ತಾನಾಗಿ ಕೊಡುವ 100ರ ವೆಲಾಸಿಟಿಯಲ್ಲೇ (ಪೆಟ್ಟಿನ ಬಲದಲ್ಲೇ) ಇರಬೇಕು ಎಂದು ನನ್ನ ಊಹೆ. ಹಾಗಿದ್ದರೆ ಎರಡು ನಿಮಿಷವಲ್ಲ, ಅರ್ಧ ನಿಮಿಷಕ್ಕೇ ಕಿವಿ ಅದನ್ನು ಸದ್ದೆಂದು ಎಣಿಸುವುದನ್ನು ಬಿಟ್ಟು ಗದ್ದಲವೆಂದು ಬದಿಗೆ ತಳ್ಳುತ್ತದೆ. ಪ್ರತಿ ಬೀಟಿನ ನಾಲ್ಕು ಪೆಟ್ಟುಗಳನ್ನು 95, 50, 75, 40 ಎಂಬಂತೆ ಇಟ್ಟು ನೋಡಿ. ಅಂಕಿಗಳು ಇವೇ ಆಗಬೇಕೆಂದಿಲ್ಲ; ಎರಡನೆಯದೂ ನಾಲ್ಕನೆಯದೂ ಕೇಳಿಯೂ ಕೇಳಿಸದಂತಿರಬೇಕು ಎಂಬುದಷ್ಟೇ ಮುಖ್ಯ. ತೆರೆದ ಹ್ಯಾಟ್ ನುಡಿಯುವ 3, 7, 11, 15ರಲ್ಲಿ ಮುಚ್ಚಿದ ಹ್ಯಾಟನ್ನು ತೆಗೆದೇಬಿಡಿ. ನಿಜವಾದ ಡ್ರಮ್ಮಿನಲ್ಲಿ ಅವೆರಡೂ ಒಂದೇ ಜೋಡಿ ತಟ್ಟೆಗಳಿಂದ ಬರುವ ಸದ್ದುಗಳು, ಒಂದೇ ಕ್ಷಣದಲ್ಲಿ ಎರಡೂ ನುಡಿಯಲಾರವು.

ಆಮೇಲೆ ಸ್ವಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ನಾಬನ್ನು ತಿರುಗಿಸುತ್ತಾರೆಯೇ ಹೊರತು ಅದು ಏನನ್ನು ಸರಿಸುತ್ತಿದೆ ಎಂದು ಯೋಚಿಸುವುದಿಲ್ಲ. ಡ್ರಮ್ ಯಂತ್ರಗಳಿಗೆ ಸ್ವಿಂಗ್ ತಂದವರು ರಾಜರ್ ಲಿನ್. ಅವರೇ ವಿನ್ಯಾಸ ಮಾಡಿದ, 1988ರಲ್ಲಿ ಬಂದ ಅಕಾಯ್ ಎಂಪಿಸಿ60ರ ಮೂಲಕ ಆ ಲಯ ಬಹಳ ದೂರ ಹರಡಿತು. ಎರಡೆರಡು ಸ್ಟೆಪ್‌ಗಳನ್ನು ಒಂದು ಜೋಡಿ ಎಂದು ತೆಗೆದುಕೊಂಡು, ಆ ಜೋಡಿಯ ಅವಧಿಯಲ್ಲಿ ಶೇಕಡಾ ಎಷ್ಟನ್ನು ಮೊದಲನೆಯದಕ್ಕೆ ಕೊಡಬೇಕು ಎಂಬುದೇ ಆ ಸಂಖ್ಯೆ. ನಿಮ್ಮ 124ರ ಟೆಂಪೊದಲ್ಲಿ ಒಂದು ಜೋಡಿಗೆ ಸುಮಾರು 242 ಮಿಲಿಸೆಕೆಂಡು. ಶೇಕಡಾ 50 ಎಂದರೆ 121, 121. ಅದು ನೇರ ನಡೆ. 66 ಎಂದರೆ 160, 82. ಅದು ಮೂರರ ನಡೆಗೆ ಹತ್ತಿರ ಬಂದು ಕುಂಟುವ ಹಾಗೆ ಕೇಳಿಸುತ್ತದೆ. 54ರಿಂದ 57ರ ನಡುವೆ ಒಂದು ಜಾಗವಿದೆ. ಅಲ್ಲಿ ಸ್ವಿಂಗ್ ಇದೆಯೆಂದು ಬೆರಳಿಟ್ಟು ತೋರಿಸಲಾಗದಿದ್ದರೂ ತಲೆ ತಾನಾಗಿ ಆಡಲು ತೊಡಗುತ್ತದೆ. 56ರಲ್ಲಿ ಎರಡನೆಯ ಪೆಟ್ಟು ಹದಿನಾಲ್ಕೂವರೆ ಮಿಲಿಸೆಕೆಂಡಿನಷ್ಟು ಮಾತ್ರ ತಡವಾಗುತ್ತದೆ. ಅಷ್ಟರಿಂದ ಇಡೀ ಲೂಪಿನ ನಡಿಗೆ ಬೇರೆಯಾಗುವುದನ್ನು ನೀವೇ ಕೇಳುವಿರಿ.

ಎರಡನೆಯ ಸಂಗತಿ ಬೇಸ್ ಮತ್ತು ಕಿಕ್. ನಿಮ್ಮ ಒಂದು ಬೀಟಿಗೆ ಇರುವುದು 484 ಮಿಲಿಸೆಕೆಂಡು. ಕಿಕ್ಕಿನ ಬಾಲ 300 ಮಿಲಿಸೆಕೆಂಡಿಗಿಂತ ಉದ್ದವಾದರೆ ಬೇಸ್ ಸ್ವರಕ್ಕೆ ಉಸಿರಾಡಲು ಜಾಗ ಸಿಗುವುದಿಲ್ಲ. ಡಿಕೇ (ಸದ್ದು ಕರಗುವ ಅವಧಿ) ಇಳಿಸಿ, ಬೇಸ್ ಸ್ವರಗಳನ್ನು ಸಾಧ್ಯವಾದಷ್ಟು ಕಿಕ್ ಇಲ್ಲದ ಸ್ಟೆಪ್‌ಗಳಿಗೆ ಸರಿಸಿ. ಈ ಯಂತ್ರದ ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಭಾಗ) ಕೊನೆಯ ಮಿಶ್ರಣದ ಮೇಲೆ ಕೂರುವುದರಿಂದ, ಅದನ್ನು ಕಿಕ್ಕಿನ ಸೈಡ್‌ಚೈನಿನಿಂದ, ಅಂದರೆ ಕಿಕ್ ಬಿದ್ದಾಗಲೆಲ್ಲ ತಗ್ಗಿಸುವಂತೆ, ನಡೆಸಿದರೆ ಬೇಸ್ ಜೊತೆಗೆ ಮಿಕ್ಕೆಲ್ಲವೂ ತಗ್ಗುತ್ತದೆ. ಬೇಸ್ ಒಂದೇ ತಗ್ಗಬೇಕಾದರೆ ಅದರ ಟ್ರ್ಯಾಕಿನ ಎಲ್‌ಎಫ್‌ಒವನ್ನು (ಒಂದು ನಿಯಂತ್ರಣವನ್ನು ತಾನಾಗಿ ಏರಿಳಿಸುವ ನಿಧಾನದ ಅಲೆಯನ್ನು) ವಾಲ್ಯೂಮಿಗೆ ಜೋಡಿಸಿ, ಬೀಟಿಗೊಮ್ಮೆ ಕೆಳಗಿನಿಂದ ಮೇಲೇರುವಂತೆ ಓಡಿಸಿ. ಗಾಜಿನ ಸ್ವರವನ್ನು ಒಂದು ಸ್ಥಾಯಿ ಇಳಿಸಿದ್ದೀರಿ. ಅದರ ಅಡಿಯ ಭಾಗ 200ರಿಂದ 400 ಹರ್ಟ್ಜ್‌ಗಳ ನಡುವೆ ಬೇಸಿನ ಮೇಲ್ಭಾಗದೊಡನೆ ಒತ್ತಿಕೊಂಡು ನಿಂತಿರಬಹುದು. ಭಾರವೆನ್ನಿಸಿದ್ದು ಅದೂ ಇರಬಹುದು. ಹೈಪಾಸ್ ಫಿಲ್ಟರಿನಿಂದ ಅಡಿಯನ್ನು ಕತ್ತರಿಸುತ್ತಾ ಹೋಗಿ, ಸ್ವರ ಬಡವಾಯಿತು ಅನ್ನಿಸಿದ ಜಾಗದಿಂದ ಸ್ವಲ್ಪ ಹಿಂದಕ್ಕೆ ಬನ್ನಿ.

ಒಂದೇ ಟೇಕ್:

ಮುದ್ರಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ತೆಗೆದುಕೊಳ್ಳುತ್ತೇನೆ. ಅದರ ಜೊತೆಗೆ ಮಂದ್ರ ಅವರ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯವನ್ನೂ ಹೇಳಬೇಕು.

ಹೊಸ ಪ್ಯಾಟರ್ನಿನ ಅಗತ್ಯವೇ ಕಡಿಮೆ ಎಂಬುದು ನಾಲ್ಕು ಹೊಡೆತದ ಕಿಕ್ ಕೊನೆಯವರೆಗೂ ನಡೆಯುವ ಸಂಗೀತಕ್ಕೆ ಸರಿ. ಸ್ವರಸಂಯೋಜನೆ ಬದಲಾಗಬೇಕಾದ ಕೃತಿಗೆ ಅದು ಸಾಲದು. ಬೇಸಿನ ಮೂಲಸ್ವರವೇ ಬೇರೆಯಾಗಬೇಕಾದರೆ ಇನ್ನೊಂದು ಪ್ಯಾಟರ್ನ್ ಬೇಕೇ ಬೇಕು. ನಾನು ಬಳಸುವುದು ನೋವೇಶನ್ ಸರ್ಕಿಟ್ ಟ್ರ್ಯಾಕ್ಸ್ ಎಂಬ ಇನ್ನೊಂದು ಗ್ರೂವ್‌ಬಾಕ್ಸ್. ಅದರಲ್ಲಿ ಎರಡು ಸಿಂಥ್, ನಾಲ್ಕು ಡ್ರಮ್, ಎರಡು ಮಿಡಿ (ಹೊರಗಿನ ವಾದ್ಯಗಳನ್ನು ನಡೆಸುವ) ಟ್ರ್ಯಾಕುಗಳಿದ್ದು ಪ್ರತಿ ಟ್ರ್ಯಾಕಿಗೂ ತನ್ನದೇ ಎಂಟು ಪ್ಯಾಟರ್ನ್‌ಗಳಿವೆ. ಹಾಗಾಗಿ ಡ್ರಮ್ ಹಾಗೇ ನಡೆಯುತ್ತಿರುವಾಗ ಬೇಸ್ ಒಂದನ್ನೇ ಎರಡನೆಯ ಪ್ಯಾಟರ್ನಿಗೆ ಹಾರಿಸಬಹುದು. ನಿಮ್ಮ ಯಂತ್ರದಲ್ಲಿ ಪ್ಯಾಟರ್ನ್ ಎಂದರೆ ಎಲ್ಲ ಟ್ರ್ಯಾಕುಗಳ ಒಂದು ಕಟ್ಟು. ಆದ್ದರಿಂದ ಎರಡನೆಯ ಪ್ಯಾಟರ್ನನ್ನು ನಕಲು ಮಾಡಿದ ಮೇಲೆ ಬೇಸ್ ಸ್ವರಗಳನ್ನು ಬದಲಿಸಿ, ಡ್ರಮ್ಮನ್ನು ಸ್ವಲ್ಪವೂ ಮುಟ್ಟಬೇಡಿ. ಪ್ಯಾಟರ್ನ್ ಬದಲಾಯಿತೆಂದು ಡ್ರಮ್ ಹೇಳಬಾರದು, ಬೇಸ್ ಮಾತ್ರ ಹೇಳಬೇಕು. ಹಾಗೆ ಮಾಡಿದರೆ ಸಾಂಗ್ ಮೋಡಿನಲ್ಲೂ ಹೊಲಿಗೆ ಕಾಣುವುದಿಲ್ಲ.

ಮುದ್ರಣ ಒಟ್ಟಾಗಿಯೇ ಆಗಲಿ, ಸ್ಟೀರಿಯೋದಲ್ಲಿ, ಒಂದೇ ಉಸಿರಿನಲ್ಲಿ. ನಿಮ್ಮ ಯಂತ್ರದಿಂದ ಓವರ್‌ಬ್ರಿಡ್ಜ್ ತಂತ್ರಾಂಶದ ಮೂಲಕ ಟ್ರ್ಯಾಕುಗಳನ್ನು ಬಿಡಿಯಾಗಿ ಕಂಪ್ಯೂಟರಿಗೆ ತರಬಹುದೆಂಬುದು ನಿಜ, ಆದರೆ ಅಲ್ಲಿಗೆ ನೀವು ಬಿಟ್ಟುಬಂದ ಪರದೆ ಮತ್ತೆ ಎದುರಿಗೆ ಬರುತ್ತದೆ. ಇನ್ನೂ ದೊಡ್ಡ ಕಾರಣವೊಂದಿದೆ. ಬಿಡಿಯಾಗಿ ಮುದ್ರಿಸಿದರೆ ಆಮೇಲೆ ಸರಿಪಡಿಸೋಣ ಎಂದು ಪ್ರತಿಯೊಂದು ನಿರ್ಧಾರವನ್ನೂ ಮುಂದೂಡುತ್ತೇವೆ. ಸ್ಟೀರಿಯೋ ಮುದ್ರಣದಲ್ಲಿ ಕ್ಲ್ಯಾಪ್ ಜೋರಾಗಿದ್ದರೆ ಅದು ಜೋರಾಗಿಯೇ ಉಳಿಯುವುದರಿಂದ ಗುಂಡಿ ಒತ್ತುವ ಮೊದಲೇ ಕಿವಿಗೊಟ್ಟು ಸರಿಮಾಡಬೇಕಾಗುತ್ತದೆ. ನಾನು ಮುಗಿಸಿದ ಕೃತಿಗಳೆಲ್ಲ ಈ ಒತ್ತಾಯದಿಂದಲೇ ಮುಗಿದವು.

ಯಂತ್ರದ ಎರಡು ಹೊರದಾರಿಗಳಿಂದ ಒಂದು ಚಿಕ್ಕ ಕೈ-ರೆಕಾರ್ಡರಿಗೆ ತಂತಿ ಜೋಡಿಸಿ, 24 ಬಿಟ್‌ಗೆ ಇಟ್ಟು, ಎಲ್ಲ ಟ್ರ್ಯಾಕುಗಳೂ ನುಡಿಯುವಾಗಿನ ಗರಿಷ್ಠ ಮಟ್ಟ ಸೊನ್ನೆ ಡೆಸಿಬೆಲ್ಲಿಗಿಂತ ಆರರಿಂದ ಹತ್ತು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹೊಂದಿಸಿಕೊಳ್ಳಿ. ಫಿಲ್ಟರಿನ ರೆಸೊನೆನ್ಸ್ (ಕಟಾಫ್ ಬಳಿಯ ಸದ್ದನ್ನು ಉಬ್ಬಿಸುವ ನಿಯಂತ್ರಣ) ಏರಿಸುವ ಯೋಚನೆಯಿದ್ದರೆ ಅದನ್ನು ಏರಿಸಿಯೇ ಮಟ್ಟ ನೋಡಿ, ಏಕೆಂದರೆ ಕಟಾಫ್ ಒಂದು ಸ್ವರದ ಮೇಲೆ ಹಾದುಹೋಗುವಾಗ ಮಟ್ಟ ಥಟ್ಟನೆ ಮೇಲೆ ನೆಗೆಯುತ್ತದೆ.

ನನಗಾದ ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಆರಂಭದ ದಿನಗಳಲ್ಲಿ ಮೂರು ಸಂಜೆಗಳ ಮುದ್ರಣಗಳಲ್ಲೆಲ್ಲ, ಸದ್ದು ತಗ್ಗಿದ ಭಾಗಗಳಲ್ಲಿ, ಕೀಟವೊಂದು ಗುಂಯ್‌ಗುಡುವಂತಹ ತೆಳುವಾದ ನಾದ ಸೇರಿಕೊಂಡಿತ್ತು. ಯಾವ ಯಂತ್ರದ ತಪ್ಪೂ ಅದಾಗಿರಲಿಲ್ಲ. ನಾನು ರೆಕಾರ್ಡರಿಗೂ ವಾದ್ಯಕ್ಕೂ ಒಂದೇ ಕಂಪ್ಯೂಟರಿನ ಯುಎಸ್‌ಬಿಯಿಂದ ವಿದ್ಯುತ್ತು ಕೊಟ್ಟಿದ್ದೆ, ಆಡಿಯೋ ತಂತಿಯೂ ಅವೆರಡನ್ನು ಕೂಡಿಸಿತ್ತು. ಹೀಗೆ ಗ್ರೌಂಡಿಗೆ ಒಂದು ಸುತ್ತು ದಾರಿ ಸಿಕ್ಕಿ ಕಂಪ್ಯೂಟರಿನ ಗದ್ದಲ ಅದರಲ್ಲಿ ಹರಿಯುತ್ತಿತ್ತು. ರೆಕಾರ್ಡರನ್ನು ಬ್ಯಾಟರಿಯಲ್ಲಿ ನಡೆಸಿದ ಕೂಡಲೇ ಅದು ನಿಂತಿತು. ಆ ಮೂರು ಸಂಜೆಗಳಲ್ಲಿ ಒಂದು ಟೇಕ್ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಈಗಲೂ ಅದನ್ನು ನೆನೆದು ಬೇಸರವಾಗುತ್ತದೆ. ಮುದ್ರಣಕ್ಕೆ ಮೊದಲು ಎಲ್ಲವನ್ನೂ ಮ್ಯೂಟ್ ಮಾಡಿ, ಹೆಡ್‌ಫೋನಿನ ಸದ್ದು ಪೂರ್ತಿ ಏರಿಸಿ, ಬರಿ ಮೌನವನ್ನು ಹತ್ತು ಸೆಕೆಂಡು ಕೇಳಿ.

ಇನ್ನೊಂದು ಮಾತು. ಒಂದು ಹಾಳೆಯಲ್ಲಿ ಆರು ಅಡ್ಡಸಾಲು ಎಳೆಯಿರಿ, ಪ್ರತಿ ಸಾಲಿಗೂ 32 ಬಾರ್. ಪ್ರತಿ ಸಾಲಿನಲ್ಲಿ ಏನು ಒಳಬರುತ್ತದೆ, ಏನು ಹೊರಹೋಗುತ್ತದೆ ಎಂಬ ಎರಡೇ ಮಾತು ಬರೆಯಿರಿ. 124ರ ಟೆಂಪೊದಲ್ಲಿ ಆರು ಸಾಲುಗಳೆಂದರೆ ಆರು ನಿಮಿಷ ಹನ್ನೆರಡು ಸೆಕೆಂಡು. ಹಾಳೆಯನ್ನು ಯಂತ್ರದ ಪಕ್ಕದಲ್ಲಿಟ್ಟು ಐದು ಟೇಕ್ ಮಾಡಿ, ಪ್ರತಿ ಟೇಕಿಗೂ ಮುಂಚೆ ಪ್ರಾಜೆಕ್ಟನ್ನು ಉಳಿಸಿ. ಮೊದಲಿನ ಎರಡು ಟೇಕ್‌ಗಳಲ್ಲಿ ಕೈ ತಡವರಿಸುತ್ತದೆ. ನನ್ನ ಮಟ್ಟಿಗೆ ಒಳ್ಳೆಯದು ಬರುವುದು ಮೂರನೆಯದರಲ್ಲೋ ನಾಲ್ಕನೆಯದರಲ್ಲೋ. ಐದನೆಯದರಲ್ಲಿ ಜಾಣತನ ಹೆಚ್ಚಾಗಿ ಜೀವ ಕಡಿಮೆಯಾಗಿರುತ್ತದೆ.

ಹದಿನಾರನೆಯ ಹೆಜ್ಜೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ವಾರ ತಡೆದು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನು ಮಾಡಿ ನೋಡದೆ ಉತ್ತರಿಸಬಾರದು ಅನ್ನಿಸಿತು.

ಗಾಜಿನ ಸ್ವರದ ಪ್ಯಾಟರ್ನನ್ನೇ ತೆಗೆದುಕೊಂಡೆ, ಉಳಿದ 40ನ್ನು ಮುಟ್ಟಲಿಲ್ಲ. ಹ್ಯಾಟಿನ ವೆಲಾಸಿಟಿ ಬದಲಿಸಿ, ಸ್ವಿಂಗ್ 56ಕ್ಕೆ ಇಟ್ಟಾಗಲೇ ಅರ್ಧ ಭಾರ ಇಳಿಯಿತು. ಗಾಜನ್ನು 12 ಸ್ಟೆಪ್‌ಗಳಿಗೆ ಇಳಿಸಿದ ಮೇಲೆ ಆದದ್ದನ್ನು ಹೇಗೆ ಹೇಳಲಿ? ಮೊದಲು ಯಾವಾಗಲೂ ಕ್ಲ್ಯಾಪಿಗಿಂತ ಒಂದು ಸ್ಟೆಪ್ ಮುಂಚೆ ಬೀಳುತ್ತಿದ್ದ ಒಂದು ಪೆಟ್ಟು, ಎರಡನೆಯ ಬಾರಿನಲ್ಲಿ ತೆರೆದ ಹ್ಯಾಟಿನ ಬೆನ್ನಿಗೇ, ಮೂರನೆಯದರಲ್ಲಿ ಕಿಕ್ಕಿಗಿಂತ ಒಂದು ಸ್ಟೆಪ್ ಮುಂಚೆ ಬಂದು ಬಿತ್ತು. ಆ ಮೂರನೆಯ ಜಾಗವನ್ನು ನಾನಾಗಿ ಎಂದೂ ಆಯ್ದುಕೊಳ್ಳುತ್ತಿರಲಿಲ್ಲ. ಈಗ ಇಡೀ ಕೃತಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಕ್ಷಣ ಅದೇ.

ಹಾಳೆಯ ಆರು ಸಾಲುಗಳಂತೆ ಐದು ಟೇಕ್ ಮಾಡಿದೆ, ನಾಲ್ಕನೆಯದನ್ನು ಇಟ್ಟುಕೊಂಡೆ. ನಾಲ್ಕನೆಯ ಸಾಲಿನಲ್ಲಿ ಕಿಕ್ ಮತ್ತು ಬೇಸ್ ತೆಗೆದು, ಮರುಸ್ಯಾಂಪಲ್ ಮಾಡಿದ ಪ್ಯಾಡ್ ಮತ್ತು ಗಾಜು ಮಾತ್ರ ಉಳಿಸುತ್ತೇನೆ. ಪ್ಯಾಟರ್ನನ್ನು ತಾತ್ಕಾಲಿಕವಾಗಿ ಉಳಿಸಿಟ್ಟು, ಟ್ರ್ಯಾಕ್ ಗುಂಡಿಯನ್ನು ಒತ್ತಿ ಹಿಡಿದು ಒಂದೇ ನಾಬಿನಿಂದ ಎಲ್ಲ ಟ್ರ್ಯಾಕುಗಳ ರಿವರ್ಬ್ ಸೆಂಡನ್ನು ಒಟ್ಟಿಗೆ ಏರಿಸುತ್ತೇನೆ, ಆಮೇಲೆ ಉಳಿಸಿದ ಸ್ಥಿತಿಗೆ ಒಮ್ಮೆಗೇ ಮರಳುತ್ತೇನೆ. ಏರುವಾಗ ಬಹಳ ಸೊಗಸಾಗಿದೆ. ಆದರೆ ಐದನೆಯ ಸಾಲಿನ ಆರಂಭದಲ್ಲಿ ಕಿಕ್ ಮರಳಿದಾಗ ಅದು ಮೊದಲಿಗಿಂತ ಸಣ್ಣದಾಗಿ, ದೂರದಲ್ಲೆಲ್ಲೋ ಹೊಡೆದಂತೆ ಕೇಳಿಸುತ್ತದೆ. ಅದರ ವಾಲ್ಯೂಮ್ ಏರಿಸಿದರೆ ಉಳಿದ ಭಾಗಗಳಲ್ಲಿ ಅತಿಯಾಗುತ್ತದೆ. ಇಷ್ಟೊಂದು ಸರಿಹೋದರೆ ಈ ಕೃತಿ ಮುಗಿದಂತೆಯೇ.

ಮಂದ್ರ:

ಓದಿ ಬಹಳ ಸಂತೋಷವಾಯಿತು. ಒಂದೇ ಟೇಕ್ ಅವರು ಪ್ಯಾಟರ್ನ್ ಬದಲಾವಣೆಯ ಬಗ್ಗೆ ಹೇಳಿದ್ದನ್ನೂ ಒಪ್ಪುತ್ತೇನೆ; ನಾನು ಒಂದೇ ಬಗೆಯ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದೆ.

ಕಿಕ್ ಸಣ್ಣದಾಗಿ ಕೇಳಿಸುವುದಕ್ಕೆ ಅದರ ವಾಲ್ಯೂಮ್ ಕಾರಣವಲ್ಲ. ಅದು ಮರಳುವ ಕ್ಷಣದಲ್ಲಿ ಜಾಗವನ್ನೆಲ್ಲ ರಿವರ್ಬಿನ ಬಾಲ ತುಂಬಿಕೊಂಡಿದೆ. ಸೆಂಡನ್ನು ಹಿಂದಿನ ಸ್ಥಿತಿಗೆ ತಂದರೂ ಆಗಲೇ ರಿವರ್ಬಿನೊಳಗೆ ಹೋಗಿರುವ ಸದ್ದು ಇನ್ನೂ ಎರಡು ಮೂರು ಸೆಕೆಂಡು ಅಲ್ಲೇ ಸುತ್ತುತ್ತಿರುತ್ತದೆ. ಕಿಕ್ ಆ ಮಬ್ಬಿನ ಹಿಂದಿನಿಂದ ಬರುತ್ತಿದೆ. ಇದರ ಜೊತೆಗೆ, 32 ಬಾರ್‌ಗಳ ಕಾಲ ಕಿಕ್ ಇಲ್ಲದಿದ್ದರೂ ಪ್ಯಾಡಿನ ಅಡಿಯ ಭಾಗ ಉಳಿದೇ ಇರುವುದರಿಂದ ಕಿವಿಗೆ ಕೆಳಗಿನ ಕಂಪನಾಂಕಗಳ ಹಸಿವೇ ಆಗಿಲ್ಲ.

ಆದ್ದರಿಂದ ನಾಲ್ಕನೆಯ ಸಾಲಿನ ಕೊನೆಯ ಎಂಟು ಬಾರ್‌ಗಳಲ್ಲಿ ಪ್ಯಾಡಿನ ಹೈಪಾಸ್ ಫಿಲ್ಟರನ್ನು ನಿಧಾನವಾಗಿ ಏರಿಸುತ್ತಾ ಹೋಗಿ, ಕೊನೆಗೆ ಅದು ತೆಳುವಾದ ಗಾಳಿಯಂತೆ ಮಾತ್ರ ಉಳಿಯಲಿ. ಉಳಿಸಿದ ಸ್ಥಿತಿಗೆ ಮರಳುವುದನ್ನು ಕಿಕ್ಕಿನ ಜೊತೆಗೇ ಮಾಡಬೇಡಿ. ಎರಡು ಬಾರ್ ಮುಂಚೆಯೇ ಮರಳಿ, ಮರಳಿದ ಕೂಡಲೇ ಪ್ಯಾಡನ್ನು ಮ್ಯೂಟ್ ಮಾಡಿ. ಆ ಎರಡು ಬಾರ್‌ಗಳಲ್ಲಿ, ನಾಲ್ಕು ಸೆಕೆಂಡಿಗೆ ಸ್ವಲ್ಪ ಕಡಿಮೆ ಅವಧಿಯಲ್ಲಿ, ರಿವರ್ಬ್ ಕರಗುತ್ತದೆ, ಗಾಜು ಒಂದೇ ಒಣಗಿದ ದನಿಯಲ್ಲಿ ಉಳಿಯುತ್ತದೆ. ಕೊನೆಯ ಬಾರಿನ 13ನೆಯ ಸ್ಟೆಪ್ಪಿಗೆ ಗಾಜನ್ನೂ ಮ್ಯೂಟ್ ಮಾಡಿ, ಆ ಒಂದು ಬೀಟನ್ನು ಪೂರ್ತಿ ಖಾಲಿ ಬಿಡಿ. ಕಿಕ್ ಹಳೆಯ ಮಟ್ಟದಲ್ಲೇ ಇರಲಿ. ಬೇಸನ್ನು ಅದರ ಜೊತೆಗೇ ತರದೆ ಇನ್ನೂ ನಾಲ್ಕು ಬಾರ್ ತಡೆದು ತನ್ನಿ. ಹೀಗೆ ಒಂದು ಟೇಕ್ ಮಾಡಿ, ಆ ಖಾಲಿ ಬೀಟ್ ಉದ್ದವಾಯಿತು ಅನ್ನಿಸಿದರೆ ಮ್ಯೂಟನ್ನು 15ನೆಯ ಸ್ಟೆಪ್ಪಿಗೆ ಸರಿಸಿ ನೋಡಿ.